ರಘುನಾಥರ ಒಂದು ಕಾರ್ಡ್ ಸೌದೆ

ಫ್ರಾನ್ ಚಂಡಮಾರುತ ಕ್ಯಾರಿ ಊರಿನ ಮೇಲೆ ಹಾದುಹೋದ ಮಾರನೆಯ ಬೆಳಿಗ್ಗೆ ನೋಡಿದರೆ ರಘುನಾಥರ ಹಿತ್ತಲಿನ ಓಕ್ ಮರ ಮಲಗಿತ್ತು. ಮನೆಗೆ ತಾಗಿರಲಿಲ್ಲ, ಬೇಲಿಗೂ ತಾಗಿರಲಿಲ್ಲ. ಅವರ ಹೆಂಡತಿ ರತ್ನಾ ಬೇಸಿಗೆಯಿಡೀ ನೀರು ಹಾಕಿ ಬೆಳೆಸಿದ್ದ ಹೀರೆಕಾಯಿ ಚಪ್ಪರದ ಮೇಲೆ ಮಾತ್ರ, ಮೊದಲೇ ಅಳತೆ ತೆಗೆದುಕೊಂಡಿದ್ದ ಹಾಗೆ, ಈ ತುದಿಯಿಂದ ಆ ತುದಿಗೆ ಸರಿಯಾಗಿ ಬಿದ್ದಿತ್ತು.

ಮರ ಕಡಿಯುವವನು ಬಂದ. ತುಂಡು ಮಾಡಿ ಸೀಳಿಕೊಡುವುದಕ್ಕೆ ಒಂದು ರೇಟು, ಹೊತ್ತೊಯ್ಯುವುದಕ್ಕೆ ಇನ್ನೊಂದು ರೇಟು ಎಂದ.

"ಹೊತ್ಕೊಂಡು ಹೋಗೋದು ಬೇಡ" ಎಂದರು ರಘುನಾಥ. "ನಾನೇ ಮಾರ್ತೀನಿ."

ಅವನು ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಪ್ರತಿ ಮನೆಯ ಮುಂದೆಯೂ ಬಿದ್ದ ಮರಗಳ ರಾಶಿ ಆಳೆತ್ತರ ನಿಂತಿತ್ತು. ಆಮೇಲೆ ಗರಗಸ ಚಾಲೂ ಮಾಡಿದ.

ರಘುನಾಥರು ಮೈಸೂರಿನವರು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಅಂಕಿಅಂಶದ ಕೆಲಸ. ಅಳೆಯುವುದೆಂದರೆ ಅವರಿಗೆ ಪ್ರಾಣ. ಉಪ್ಪಿಟ್ಟಿಗೆ ರವೆ ಹಾಕುವಾಗಲೂ ಲೋಟದ ಮೇಲೆ ಚಾಕುವಿನ ಬೆನ್ನು ಎಳೆದು ಮಟ್ಟ ಮಾಡಿಯೇ ಹಾಕುವವರು. ಸೌದೆ ಸೀಳಿ ಬಿದ್ದ ಸಂಜೆ ಅವರು ಅಡಿಗೆಮನೆಗೆ ಬಂದು ಹೆಂಡತಿಗೆ ವಿವರಿಸಿದರು.

"ಈ ದೇಶದಲ್ಲಿ ಸೌದೆನ ಕಾರ್ಡ್ ಮೇಲೆ ಮಾರ್ತಾರೆ ಕಣೆ."

"ಯಾಕೆ, ಕ್ಯಾಶ್ ತಗೊಳಲ್ವಂತಾ?"

"ಆ ಕಾರ್ಡ್ ಅಲ್ಲ ಮಾರಾಯ್ತಿ. ಇದೊಂದು ಅಳತೆ. ಎಂಟಡಿ ಉದ್ದ, ನಾಲ್ಕಡಿ ಎತ್ತರ, ನಾಲ್ಕಡಿ ಅಗಲ ಒಟ್ಟಿದ್ರೆ ಒಂದು ಕಾರ್ಡು."

"ಸೌದೆ ಮಧ್ಯ ಸಂದು ಇರುತ್ತಲ್ಲ, ಅದು?"

"ಅದೂ ಸೇರುತ್ತೆ."

"ಹಂಗಾದ್ರೆ ಅರ್ಧ ಗಾಳಿ ಮಾರ್ತೀರಿ ಅನ್ನಿ" ಎಂದು ರತ್ನಾ ಒಗ್ಗರಣೆಗೆ ಸಾಸಿವೆ ಹಾಕಿದರು. "ನಮ್ಮೂರ ಸೌದೆ ಡಿಪೋನೇ ವಾಸಿ. ತಕ್ಕಡಿ ಇತ್ತು."

ಈ ಮಾತು ರಘುನಾಥರಿಗೆ ಚುಚ್ಚಿತು. ಗಾಳಿ ಮಾರಿದ ಎಂಬ ಹೆಸರು ತಮಗೆ ಬರಬಾರದು ಎಂದು ನಿಶ್ಚಯಿಸಿದರು. ಮುಂದಿನ ಎರಡು ವಾರಾಂತ್ಯ ಅವರು ಸೌದೆ ಒಟ್ಟಿದರು. ಒಂದೊಂದು ತುಂಡನ್ನೂ ಕೈಯಲ್ಲಿ ಹಿಡಿದು, ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಅದರ ಉಬ್ಬಿಗೆ ಸರಿಹೋಗುವ ತಗ್ಗು ಹುಡುಕಿ ಕೂರಿಸಿದರು. ಕೂರದ್ದನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಒಪ್ಪಿಸಿದರು. ಮುಗಿದಾಗ ಇರುವೆ ಕೂಡ ಪಕ್ಕಕ್ಕೆ ತಿರುಗಿ ಹೋಗಬೇಕು, ಅಷ್ಟು ಬಿಗಿ. ಟೇಪು ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಒಂದು ಕಾರ್ಡು. ಆ ದಿನ ಅವರು ಸಂಜೆಯ ಕಾಫಿಯನ್ನು ಹೊರಗೆ, ಸೌದೆಯ ಎದುರಿಗೆ ಕುರ್ಚಿ ಹಾಕಿಕೊಂಡು ಕುಡಿದರು.

ಮಾರುವುದಕ್ಕೆ ಬೋರ್ಡು ಬೇಕಲ್ಲ. ಆದರೆ ಅವರ ಬಡಾವಣೆಯ ಮನೆ ಮಾಲೀಕರ ಅಸೋಸಿಯೇಷನ್ನಿನಲ್ಲಿ ಅಂಗಳದಲ್ಲಿ 'ಮಾರಾಟಕ್ಕಿದೆ' ಎಂದು ಬರೆದು ನಿಲ್ಲಿಸಬಾರದೆಂಬ ನಿಯಮವಿತ್ತು. ಅಸೋಸಿಯೇಷನ್ನಿನ ಅಧ್ಯಕ್ಷೆ ಮಿಸ್ ಡೋರಿಸ್ ಎದುರುಮನೆಯಲ್ಲೇ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ವರಾಂಡದ ತೂಗುಕುರ್ಚಿಯಲ್ಲಿ ಕೂತು ಇಡೀ ಬೀದಿಯನ್ನು ಕಾಯುತ್ತಿದ್ದರು. ಹಾಗಾಗಿ ರಘುನಾಥರು 'ಮಾರಾಟ' ಎಂಬ ಪದ ಬಿಟ್ಟು, ಒಂದು ಹಲಗೆಯ ಮೇಲೆ 'ಓಕ್ ಸೌದೆ, ಇಲ್ಲಿ' ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದು, ಬಾಣದ ಗುರುತು ಹಾಕಿ ರಸ್ತೆ ಪಕ್ಕ ನೆಟ್ಟರು.

ಒಂದು ವಾರ ಯಾರೂ ಬಂದ ಹಾಗೆ ಕಾಣಲಿಲ್ಲ. ಶುಕ್ರವಾರ ಸಂಜೆ ಸುಮ್ಮನೆ ಒಂದು ಸಲ ಟೇಪು ಹಿಡಿದರು. ಒಂಬತ್ತೂವರೆ ಅಡಿ ಬಂತು. ಮತ್ತೆ ಹಿಡಿದರು. ಒಂಬತ್ತೂವರೆ. ಟೇಪನ್ನೇ ಇನ್ನೊಂದು ಟೇಪಿನಿಂದ ಅಳೆದರು. ಟೇಪು ಸರಿಯಾಗಿತ್ತು.

"ರತ್ನಾ, ಸೌದೆ ಉಬ್ಬುತ್ತಾ?"

"ನೆನೆಸಿಟ್ಟ ಕಡ್ಲೆಕಾಳು ಕೇಳಿದೀನಿ. ಸೌದೆ ಕೇಳಿಲ್ಲಪ್ಪ."

ಮುಂದಿನ ವಾರ ಹನ್ನೆರಡು ಅಡಿಯಾಯಿತು. "ಮರಿ ಹಾಕ್ತಿದೆ ಕಣ್ರೀ" ಎಂದರು ರತ್ನಾ. ರಘುನಾಥರಿಗೆ ನಗು ಬರಲಿಲ್ಲ. ಆಫೀಸಿನಲ್ಲಿ ಕೂತು ತೇವಾಂಶ, ಉಷ್ಣಾಂಶ ಎಲ್ಲ ಯೋಚಿಸಿದರು. ಎಷ್ಟು ಯೋಚಿಸಿದರೂ ಓಕ್ ಮರ ನಾಲ್ಕಡಿ ಉಬ್ಬುವುದಕ್ಕೆ ಕಾರಣ ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬ ಧಡೂತಿ ಮನುಷ್ಯ ಪಿಕಪ್ ಟ್ರಕ್ಕು ತಂದು ನಿಲ್ಲಿಸಿದ. ಬೋರ್ಡು ತೋರಿಸಿ, "ಇಲ್ಲೇ ಏನು?" ಎಂದು ಕೇಳಿದ. ರಘುನಾಥರ ಎದೆ ಹಿಗ್ಗಿತು. ಮೊದಲನೆಯ ಗಿರಾಕಿ!

"ಇಲ್ಲೇ, ಇಲ್ಲೇ. ಎಷ್ಟು ಬೇಕಾದ್ರೂ. ಒಂದು ನಿಮಿಷ, ಟೇಪ್ ತರ್ತೀನಿ" ಎಂದು ಒಳಗೆ ಓಡಿದರು. ಟೇಪು ತಂದರು, ಗಿರಾಕಿಗೆಂದು ಒಂದು ಲೋಟ ನೀರೂ ತಂದರು. ಅಷ್ಟರಲ್ಲಿ ಆ ಮನುಷ್ಯ ಟ್ರಕ್ಕಿನಲ್ಲಿದ್ದ ಪೈನ್ ತುಂಡುಗಳನ್ನೆಲ್ಲ ಧಡಧಡ ಇಳಿಸಿ, ಗಾಡಿ ಹತ್ತಿ ಕೂತಿದ್ದ. "ದೇವರು ಒಳ್ಳೇದು ಮಾಡಲಿ ಸರ್. ಇಂಥ ಕೆಲಸ ಯಾರು ಮಾಡ್ತಾರೆ ಈ ಕಾಲದಲ್ಲಿ!" ಎಂದು ಕೈಬೀಸಿ ಹೋಗೇಬಿಟ್ಟ.

ರಘುನಾಥರು ನೀರಿನ ಲೋಟ ಹಿಡಿದು ನಿಂತೇ ಇದ್ದರು. ರತ್ನಾ ಬಂದು ಬೋರ್ಡನ್ನು ಒಮ್ಮೆ ಜೋರಾಗಿ ಓದಿದರು. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಊರಿಗೆ ಊರೇ ತಮ್ಮ ಮನೆಯ ಬಿದ್ದ ಮರಗಳನ್ನು ಎಲ್ಲಿ ಹಾಕೋಣ ಎಂದು ಪರದಾಡುತ್ತಿರುವಾಗ ಈ ಮಹಾನುಭಾವರು ಬಾಣ ಹಾಕಿ ದಾರಿ ತೋರಿಸಿದ್ದರು.

ಯಾರ್ಯಾರೋ ಓಕ್ ಕಾರ್ಡಿಗೆ ಸೇರಿಸಿಹೋಗಿದ್ದ ತುಂಡುಗಳನ್ನು ರಘುನಾಥರು ಕಿತ್ತು ಪಕ್ಕಕ್ಕೆಸೆದು, ಅದನ್ನು ಮತ್ತೆ ಎಂಟಡಿಗೆ ತಂದರು. ಬೋರ್ಡು ಕಿತ್ತರೂ ಸುದ್ದಿ ಕೀಳಲಾಗಲಿಲ್ಲ. ಚಳಿಗಾಲದ ಹೊತ್ತಿಗೆ ಹಿತ್ತಲಿನಲ್ಲಿ ಓಕ್ ಕಾರ್ಡಿನ ಪಕ್ಕದಲ್ಲಿ ಪೈನ್, ಮೇಪಲ್, ಯಾವುದೋ ಮುಳ್ಳಿನ ಮರ, ಯಾರದೋ ಮನೆಯ ಹಳೇ ಬೇಲಿಗೂಟ, ಎಲ್ಲ ಸೇರಿ ಒಂದು ಬೆಟ್ಟವಾಯಿತು. ಮಿಸ್ ಡೋರಿಸ್ ಬಂದು, ರಸ್ತೆಗೆ ಕಾಣುವ ಹಾಗೆ ಬೆಟ್ಟ ಇಟ್ಟುಕೊಳ್ಳುವ ಹಾಗಿಲ್ಲ, ಯುಗಾದಿಯೋ ಈಸ್ಟರೋ ನಿಮ್ಮದು ಯಾವ ಹಬ್ಬವೋ ಅದರೊಳಗೆ ತೆಗೆಸಿ ಎಂದು ಹೇಳಿಹೋದರು. ಹೋಗುವಾಗ ಓಕ್ ಕಾರ್ಡನ್ನು ಮಾತ್ರ ನಿಂತು ನೋಡಿ, "ಇದು ಚೆನ್ನಾಗಿದೆ" ಎಂದರು. ರಘುನಾಥರಿಗೆ ಅಷ್ಟೇ ಸಾಕಾಯಿತು.

ದಾರಿ ಸಿಕ್ಕಿದ್ದು ಫೆಬ್ರವರಿಯಲ್ಲಿ, ಕನ್ನಡ ಸಂಘದ ಮೀಟಿಂಗಿನಲ್ಲಿ. ಸಂಘದ ಹಿರಿಯರು ಡಾಕ್ಟರ್ ಬಸವಂತಪ್ಪ. ಧಾರವಾಡದ ಕಡೆಯವರು, ಅರವತ್ತರ ದಶಕದ ಕೊನೆಗೆ ಬಂದು ಪಕ್ಕದ ಡರಮ್ ಊರಿನಲ್ಲಿ ಸರ್ಜನ್ ಆಗಿ ನೆಲೆಯಾದವರು. ಊರಾಚೆ ಐದೆಕರೆ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದರು. ಆ ವರ್ಷ ಅಲ್ಲಿ ಸರಿಯಾಗಿ ಕಾಮನ ಹಬ್ಬ ಮಾಡಬೇಕು, ಕಾಮಣ್ಣನನ್ನು ಸುಡಬೇಕು ಎಂದು ಅವರು ಹಟ ಹಿಡಿದಿದ್ದರು. ಫೈರ್ ಡಿಪಾರ್ಟ್‌ಮೆಂಟಿನ ಪರ್ಮಿಟ್ಟನ್ನೂ ತಂದಿದ್ದರು.

ರಘುನಾಥರು ಎದ್ದುನಿಂತರು. "ಡಾಕ್ಟ್ರೇ, ಸೌದೆ ಚಿಂತೆ ಬೇಡ. ಎಷ್ಟು ಬೇಕೋ ಅಷ್ಟು ನಾನು ಫ್ರೀಯಾಗಿ ಕೊಡ್ತೀನಿ."

ಡಾಕ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಏನ್ರೀ ರಘುನಾಥ, ಕೊಟ್ಟ ಕಟಗಿಯಿಂದ ಕಾಮಣ್ಣನ್ನ ಸುಡತಾರೇನ್ರೀ? ಕದ್ದದ್ದೇ ಆಗಬೇಕು. ಕಳವಿನ ಕಟಗಿ ಇಲ್ಲಂದ್ರ ಅದು ಹಬ್ಬ ಅಲ್ಲ, ಬಾರ್ಬೆಕ್ಯೂ!"

"ಸರಿ, ನಮ್ಮನೇದೇ ಕದೀರಿ."

"ನೀವು ಕದೀರಿ ಅಂದಮ್ಯಾಲ ಕಳವು ಹ್ಯಾಂಗ ಆಗ್ತದ? ನೀವು ಒಲ್ಲೆ ಅನಬೇಕು. ಬೈಬೇಕು."

ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ರಘುನಾಥರು ಸಭೆಯ ಮುಂದೆ, ತಮ್ಮ ಸೌದೆಯನ್ನು ಯಾರೂ ಮುಟ್ಟಕೂಡದು ಎಂದು ಗಟ್ಟಿಯಾಗಿ ಹೇಳಿದರು. ಅದರ ಹಿಂದೆಯೇ, ಮಾರ್ಚಿನಲ್ಲಿ ಹಬ್ಬಕ್ಕೆ ಮೊದಲಿನ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ತಾವು ನಿದ್ದೆ ಮಾಡುವುದಾಗಿಯೂ ತಿಳಿಸಿದರು.

ಆ ಶನಿವಾರ ಕಳ್ಳರು ಡಾಕ್ಟರ ಮಿನಿವ್ಯಾನಿನಲ್ಲಿ ಬಂದರು. ಡಾಕ್ಟರ ಜೊತೆಗೆ ಸಂಘದ ಖಜಾಂಚಿ ಮತ್ತು ಬೆಂಗಳೂರಿನಿಂದ ಬಂದು ಆರು ತಿಂಗಳೂ ಆಗಿರದ ಸುರೇಶ ಎಂಬ ಸಾಫ್ಟ್‌ವೇರ್ ಹುಡುಗ. ಡಾಕ್ಟರೂ ಖಜಾಂಚಿಯೂ ಸೊಂಟಕ್ಕೆ ಬೆನ್ನುನೋವಿನ ಬೆಲ್ಟ್ ಬಿಗಿದುಕೊಂಡಿದ್ದರು. ಮೂವರೂ ಬಗ್ಗಿಕೊಂಡು, ತುದಿಗಾಲಿನಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಿತ್ತಲು ಹೊಕ್ಕರು.

ರಘುನಾಥರು ಹಾಸಿಗೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದರು. ಸೌದೆಯ ಸದ್ದು ಕೇಳಿತು. ಹೊರಳಿದರು. ಇನ್ನೊಂದು ಸದ್ದು ಕೇಳಿತು. ಅದು ಪೈನ್ ತುಂಡಿನ ಪೊಳ್ಳು ಸದ್ದಲ್ಲ, ಓಕಿನ ಗಟ್ಟಿ ಸದ್ದು. ಎದ್ದು ಕಿಟಕಿಯ ಪರದೆ ಸರಿಸಿ ನೋಡಿದರೆ ಡಾಕ್ಟರು ಬೆಟ್ಟವನ್ನು ಬಿಟ್ಟು, ನೀಟಾಗಿ ಒಟ್ಟಿದ್ದ ಕಾರ್ಡಿನ ಮಧ್ಯದಿಂದ ಒಂದು ತುಂಡನ್ನು ಹಲ್ಲು ಕೀಳುವ ಹಾಗೆ ಅಲ್ಲಾಡಿಸಿ ಎಳೆಯುತ್ತಿದ್ದರು.

ರಘುನಾಥರು ಪಂಚೆಯಲ್ಲೇ ಹೊರಗೋಡಿದರು. "ಅಯ್ಯೋ! ಅದಲ್ಲ! ಅದನ್ನ ಮುಟ್ಟಬೇಡಿ! ಆ ಕಡೆದು ಕದೀರಿ, ಆ ಕಡೆದು!"

"ಮಾಲಕ ಬಂದ! ಓಡ್ರಿ!" ಎಂದು ಡಾಕ್ಟರು ಖುಷಿಯಿಂದ ಕೂಗಿ, ತುಂಡನ್ನು ಎದೆಗವಚಿಕೊಂಡು ಓಟ ಕಿತ್ತರು. ಇಷ್ಟು ಚೆನ್ನಾಗಿ ಬೈಯುತ್ತಾರೆಂದು ಅವರು ಅಂದುಕೊಂಡಿರಲಿಲ್ಲ. ಮಧ್ಯದ ತುಂಡು ಹೋದ ಕಾರ್ಡು ಒಂದು ಕ್ಷಣ ಯೋಚಿಸಿ, ಗುಡುಗುಡು ಎಂದು ಕುಸಿದು ಹುಲ್ಲಿನ ಮೇಲೆಲ್ಲ ಹರಡಿಕೊಂಡಿತು.

ಎದುರುಮನೆಯಿಂದ ಮಿಸ್ ಡೋರಿಸ್ ಕಂಡದ್ದು ಇಷ್ಟು: ಪಂಚೆ ಹಿಡಿದುಕೊಂಡು ಕಿರುಚುತ್ತಿರುವ ನೆರೆಮನೆಯವರು, ಸೌದೆ ಹೊತ್ತು ಓಡುತ್ತಿರುವ ಮೂವರು ಅಪರಿಚಿತರು. ಅವರು ಪೊಲೀಸರಿಗೆ ಫೋನ್ ಮಾಡಿದರು.

ಪೊಲೀಸ್ ಆಫೀಸರು ಬೇಗ ಬಂದ. ಮಿನಿವ್ಯಾನು ಇನ್ನೂ ಅಲ್ಲೇ ಇತ್ತು. ಓಡುವ ಭರದಲ್ಲಿ ಡಾಕ್ಟರು ಕೀಲಿಯನ್ನು ಸೌದೆಯ ನಡುವೆ ಎಲ್ಲೋ ಬೀಳಿಸಿದ್ದರು. ಮೂವರು ಕಳ್ಳರೂ ಬಗ್ಗಿ ಹುಡುಕುತ್ತಿದ್ದರು. ಆಫೀಸರನ್ನು ನೋಡಿದ್ದೇ ಸುರೇಶ ಕೈಯೆರಡನ್ನೂ ಮೇಲೆತ್ತಿಬಿಟ್ಟ. "ಅಂಕಲ್, ನನ್ನ ವೀಸಾ!" ಎಂದು ಡಾಕ್ಟರ ಕಡೆ ನೋಡಿದ.

"ಸರ್, ಇವರು ನಿಮ್ಮ ಒಪ್ಪಿಗೆ ಪಡೆದು ತಗೊಂಡ್ರಾ, ಇಲ್ಲವಾ?" ಎಂದು ಆಫೀಸರು ರಘುನಾಥರನ್ನು ಕೇಳಿದ.

ರಘುನಾಥರು ಬಾಯಿ ತೆರೆದರು. ಪಕ್ಕದಿಂದ ಡಾಕ್ಟರು ಕನ್ನಡದಲ್ಲಿ, "ಹೂಂ ಅನಬ್ಯಾಡ್ರೀ! ಹಬ್ಬ ಕೆಡತದ!" ಎಂದರು. ಇನ್ನೊಂದು ಪಕ್ಕದಿಂದ ಸುರೇಶ, "ಹೂಂ ಅನ್ನಿ ಅಂಕಲ್, ಪ್ಲೀಸ್!" ಎಂದ. ರಘುನಾಥರು ಬಾಯಿ ಮುಚ್ಚಿದರು. ಹೂಂ ಎಂದರೆ ಕಾಮಣ್ಣನಿಗೆ ಮೋಸ, ಊಹೂಂ ಎಂದರೆ ಹುಡುಗ ವಿಮಾನ ಹತ್ತಬೇಕು. 

ಆಗ ರತ್ನಾ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಹೊರಗೆ ಬಂದರು. "ಆಫೀಸರ್, ಈ ಮನೆ ನಮ್ಮಿಬ್ಬರ ಹೆಸರಲ್ಲೂ ಇದೆ. ಅಂದಮೇಲೆ ಸೌದೆಯಲ್ಲಿ ಅರ್ಧ ನಂದು. ನನ್ನ ಅರ್ಧ ನಾನು ಇವರಿಗೆ ಕೊಟ್ಟಿದೀನಿ. ನಮ್ಮನೆಯವರ ಅರ್ಧ ಇವರು ಕದ್ದಿದ್ದಾರೆ. ಅದಕ್ಕೆ ನಮ್ಮನೆಯವರು ಕಂಪ್ಲೇಂಟ್ ಕೊಡೋದಿಲ್ಲ. ಕೊಡ್ತೀರೇನ್ರೀ?"

"ಇಲ್ಲ" ಎಂದರು ರಘುನಾಥ, ಉಸಿರು ಬಿಟ್ಟು.

ಆಫೀಸರು ಟೋಪಿ ತೆಗೆದು ತಲೆ ಕೆರೆದುಕೊಂಡ. ಎಲ್ಲ ಮುಗಿಯಿತೆನ್ನುವಾಗ ಡಾಕ್ಟರಿಗೆ ಹೊಸ ಸಂಶಯ ಬಂತು. "ಹಾಗಾದ್ರ ಯಾವುದು ಕೊಟ್ಟದ್ದು, ಯಾವುದು ಕದ್ದದ್ದು? ನಮಗ ಕದ್ದದ್ದಷ್ಟೇ ಬೇಕು."

ಬೇರೆ ದಾರಿಯೇ ಇರಲಿಲ್ಲ. ಎಲ್ಲರೂ ಸೇರಿ ಕುಸಿದ ಸೌದೆಯನ್ನು ಮತ್ತೆ ಒಟ್ಟಿದರು. ಡಾಕ್ಟರು ಹೊಲಿಗೆ ಹಾಕುವ ಹಾಗೆ ಬಿಗಿಯಾಗಿ ಒಟ್ಟಿದರೆ ಖಜಾಂಚಿ ಬಟ್ಟೆ ಒಣಹಾಕಿದ ಹಾಗೆ ಸಡಿಲವಾಗಿ ಒಟ್ಟಿದರು. ಕೀಲಿಯೂ ಸಿಕ್ಕಿತು. ಟೇಪಿನ ಒಂದು ತುದಿಯನ್ನು ರಘುನಾಥರು ಹಿಡಿದರು, ಇನ್ನೊಂದನ್ನು, ಹತ್ತಿರದಲ್ಲಿ ನಿಂತಿದ್ದ ತಪ್ಪಿಗೆ, ಆಫೀಸರು ಹಿಡಿಯಬೇಕಾಯಿತು. ಹತ್ತು ಅಡಿ ಬಂತು.

"ಒಂದೂಕಾಲು ಕಾರ್ಡು" ಎಂದ ಆಫೀಸರು. "ಸರ್, ಇದ್ದದ್ದು ಒಂದೇ ಕಾರ್ಡು ಅಂದ್ರಿ. ಕಳುವಾದ ಮೇಲೆ ನಿಮ್ಮ ಸೌದೆ ಜಾಸ್ತಿಯಾಗಿದೆ. ನಾನು ಏನಂತ ಬರಕೊಳ್ಳಲಿ?"

ರಘುನಾಥರು ಖಜಾಂಚಿ ಒಟ್ಟಿದ ಕಡೆಗೆ ಕೈ ತೋರಿಸಿ, ಬಹಳ ನೋವಿನಿಂದ, "ಅದೆಲ್ಲ ಗಾಳಿ" ಎಂದರು.

ಏನೂ ಬರೆದುಕೊಳ್ಳದೆ ಆಫೀಸರು ಹೊರಟುಹೋದ. ಸರಿಯಾಗಿ ಅರ್ಧವನ್ನು, ಗಾಳಿ ಕಳೆದು, ಮಿನಿವ್ಯಾನಿಗೆ ತುಂಬಲಾಯಿತು. ಬೆಟ್ಟದ ಪೈನನ್ನೂ ರಘುನಾಥರು ಮುಖ ಆ ಕಡೆ ತಿರುಗಿಸಿಕೊಂಡಾಗ ಸುರೇಶ ನಾಲ್ಕು ಟ್ರಿಪ್ ಕದ್ದ. ಆ ಹೊತ್ತಿಗೆ ಅವನಿಗೆ ಧೈರ್ಯ ಬಂದಿತ್ತು.

ಇಷ್ಟೆಲ್ಲ ಮಾಡಿಸಿದ ತಪ್ಪಿಗೆ ಮಿಸ್ ಡೋರಿಸ್ ಒಂದು ದೊಡ್ಡ ಬಟ್ಟಲಿನ ತುಂಬ ಬಾಳೆಹಣ್ಣಿನ ಪುಡಿಂಗ್ ಮಾಡಿಕೊಂಡು ರತ್ನಾ ಅವರ ಕಾರಿನಲ್ಲಿ ಹಬ್ಬಕ್ಕೆ ಬಂದರು. ಕಾಮಣ್ಣನಿಗೆ ಡಾಕ್ಟರೇ ಬೆಂಕಿಯಿಟ್ಟರು. ಬೆಟ್ಟದ ಪೈನ್ ಭಗ್ಗನೆ ಹೊತ್ತಿಕೊಂಡಿತು. ರಘುನಾಥರ ಓಕು ಮಾತ್ರ ಇನ್ನೂ ಹಸಿ. ಉರಿಯುವುದಿರಲಿ, ಬುಸುಗುಟ್ಟಿ, ನೊರೆ ಕಾರಿ, ಗಾಳಿ ಬೀಸಿದ ಕಡೆ ಇದ್ದವರಿಗೆಲ್ಲ ಕೆಮ್ಮು ಹಿಡಿಸಿತು. ಡಾಕ್ಟರು ಒಂದು ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ ಹಲಗೆ ವಾದ್ಯದ ಹಾಗೆ ಬಡಿಯುತ್ತಿದ್ದರು. ಎಲ್ಲರೂ ಬೆಂಕಿಯ ಸುತ್ತ ನಿಂತು ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಬೊಬ್ಬೆ ಹಾಕಿದರು.

ಮಿಸ್ ಡೋರಿಸ್ ಒಂದು ಕ್ಷಣ ನೋಡಿ, ಪರ್ಸು ಕೆಳಗಿಟ್ಟು, ಬಹಳ ಶ್ರದ್ಧೆಯಿಂದ ತಾವೂ ಬಾಯಿ ಬಡಿದುಕೊಳ್ಳತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ರಘುನಾಥರ ಕಡೆ ಬಾಗಿ, "ಇದು ಯಾತಕ್ಕೆ ಮಾಡೋದು?" ಎಂದು ಕೇಳಿದರು.

ರಘುನಾಥರಿಗೂ ಗೊತ್ತಿರಲಿಲ್ಲ. ಹೊಗೆಗೆ ಕಣ್ಣೊರೆಸಿಕೊಂಡು, "ಸೌದೆ ಕಳ್ಕೊಂಡವರಿಗೆ ಸಮಾಧಾನ ಆಗಲಿ ಅಂತ" ಎಂದರು.

"ಪಾಪ" ಎಂದು ಮಿಸ್ ಡೋರಿಸ್ ಇನ್ನೂ ಜೋರಾಗಿ ಬಡಿದುಕೊಂಡರು.