ಮೂವತ್ತೊಂದನೇ ಪ್ಯಾರಾ

ಕೆಂಪು ಚುಕ್ಕೆ, ತೀರ್ಪಿನ ಹೆಸರಿನ ಪಕ್ಕದಲ್ಲಿ, ಸಾಸಿವೆಯಷ್ಟು — ಬೆಳಿಗ್ಗೆ ಕಂಡಿರಲಿಲ್ಲ, ಹೇಗೆ ಕಂಡೀತು, ಬೆಳಿಗ್ಗೆ ತೆರೆದದ್ದು ತೀರ್ಪುಗಳ ಈ ಜಾಲತಾಣವನ್ನಲ್ಲ, ನನ್ನದೇ ಪುಟದ ಕೊಂಡಿಯನ್ನು, ಈ ಕೋರ್ಟ್ ಗ್ರಂಥಾಲಯಕ್ಕೆಂದು ಐವತ್ತೆರಡನೇ ವಯಸ್ಸಿನಲ್ಲಿ ಕಲಿತು ಕಟ್ಟಿದ ಪುಟ, ವಕೀಲರೆಲ್ಲ ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿದ್ದೇ ಉಬ್ಬಿದ್ದು, ಒಳಗಿನ ಕೊಂಡಿಗಳನ್ನು ತಿರುಗಿ ನೋಡಿ ಎಷ್ಟು ತಿಂಗಳಾಯಿತೋ — ಕೆಂಪು ಚುಕ್ಕೆಯೆಂದರೆ ಆ ತೀರ್ಪು ಈಗ ನಡೆಯುವುದಿಲ್ಲ, ವಿಸ್ತೃತ ಪೀಠ ಎರಡು ತಿಂಗಳ ಹಿಂದೆಯೇ ಅದನ್ನು ತಳ್ಳಿಹಾಕಿದೆ, ಅದನ್ನೇ ಪ್ರಿಂಟ್ ತೆಗೆದು ಆ ಹೊಸ ವಕೀಲೆಯ ಕೈಗಿಟ್ಟಿದ್ದೇನೆ. ಸಿಕ್ತಾ ಮೇಡಂ, ಅಂದಿದ್ದಳು ಬೆಳಿಗ್ಗೆ, ಹನ್ನೊಂದಕ್ಕೆ ನಮ್ಮದೇ ಮೊದಲನೇ ಕೇಸು, ತಾಯಿ ಕೆಲಸಕ್ಕೆ ಬೇರೆ ಊರಿಗೆ ಹೋದ್ರೆ ಮಗೂನ ಕಿತ್ಕೋಬಹುದಾ ಅನ್ನೋದೇ ಪ್ರಶ್ನೆ. ಕಿತ್ಕೊಳ್ಳೋ ಹಾಗಿಲ್ಲ, ತಗೊಳ್ಳಮ್ಮ, ಗಟ್ಟಿ ತೀರ್ಪು ಇದು — ಗಟ್ಟಿ ಅಂದೆನಲ್ಲ, ನನ್ನ ನಾಲಿಗೆಗಿಷ್ಟು! ಅವಳ ಹಿಂದೆ ನಿಂತಿದ್ದ ಆ ತಾಯಿ ನನ್ನ ಮುಖವನ್ನೇ ನೋಡಿದಳು. ಹತ್ತು ಐವತ್ತು. ವಕೀಲೆಯ ಫೋನ್ ಸ್ವಿಚ್ ಆಫ್, ಕೋರ್ಟ್ ಹಾಲಿನಲ್ಲಿ ಇನ್ನೇನು. ಹೊಸ ತೀರ್ಪು ಎಲ್ಲಿ, ತೊಂಬತ್ತು ಪುಟ, ಇಷ್ಟನ್ನು ಯಾರು ಓದಬೇಕು, ಮಗು ಎಂದು ಕೊಟ್ಟು ಹುಡುಕು — ಇನ್ನೂರು ಕಡೆ ಇದೆ, ಮಗುವಿನ ಇಚ್ಛೆ ಎಂದು ಹುಡುಕು, ಮೂರೇ ಕಡೆ, ಇಲ್ಲಿದೆ, ಮೂವತ್ತೊಂದನೇ ಪ್ಯಾರಾ, ಹಳೆಯದು ರದ್ದು, ಇದನ್ನು ನೋಡು ಎಂದು ಚೀಟಿ ಗೀಚಿದೆ.

ಓಡುತ್ತಿದ್ದೇನೆ, ಇಪ್ಪತ್ತು ವರ್ಷದಲ್ಲಿ ಈ ಮೆಟ್ಟಿಲನ್ನು ಹೀಗೆ ಹತ್ತಿದ್ದಿಲ್ಲ, ಚಪ್ಪಲಿ ಜಾರುತ್ತದೆ, ಹೇಳದೇ ಇದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಪುಟದ ತಪ್ಪು ಅನ್ನಬಹುದಿತ್ತು, ಪುಟ ಯಾರದು ಮಹಾತಾಯಿ, ನಿನ್ನದೇ — ಬಾಗಿಲು. ವಕೀಲೆ ಆಗಲೇ ಎದ್ದು ನಿಂತಿದ್ದಾಳೆ, ಎದುರಿನ ಹಿರಿಯ ವಕೀಲರ ತುಟಿಯಲ್ಲಿ ನಗು, ಅವರಿಗೆ ಗೊತ್ತಿದೆ, ಕಾಯುತ್ತಿದ್ದಾರೆ. ಚೀಟಿ ಬೆಂಚಿನಿಂದ ಬೆಂಚಿಗೆ ದಾಟಿ ಅವಳ ಕೈಗೆ. ಓದಿದಳು, ಮುಖ ಬಿಳಚಿತು, ಆಮೇಲೆ ಮೆಲ್ಲಗೆ, ಸ್ವಾಮಿ, ನಾನು ಹೇಳಬೇಕಂತಿದ್ದ ತೀರ್ಪು ರದ್ದಾಗಿದೆ, ರದ್ದು ಮಾಡಿದ ತೀರ್ಪಿನ ಮೂವತ್ತೊಂದನೇ ಪ್ಯಾರಾ ಮಾತ್ರ ನೋಡ್ಬೇಕು. ಹಿರಿಯರ ನಗು ಮಾಯ. ನ್ಯಾಯಾಧೀಶರು ಕನ್ನಡಕ ಏರಿಸಿ, ಮಗೂಗೆ ವಯಸ್ಸೆಷ್ಟು? ಒಂಬತ್ತು, ಸ್ವಾಮಿ. ಸರಿ, ಮಧ್ಯಾಹ್ನ ಕರ್ಕೊಂಡು ಬನ್ನಿ, ನಾನೇ ಮಾತಾಡಿಸ್ತೀನಿ.

ತಪ್ಪು ನಂದು ಕಣಮ್ಮ, ಅಂದೆ ಹೊರಗೆ ಬಂದ ಮೇಲೆ, ವಕೀಲೆಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ, ತಾಯಿ ಮಾತ್ರ, ಅದರಲ್ಲಿ ಏನು ಬರ್ದಿದೆ ಅಕ್ಕಾ, ನನಗೂ ತೋರ್ಸಿ. ನನ್ನ ಕುರ್ಚಿಯಲ್ಲೇ ಕೂರಿಸಿ ಆ ಪ್ಯಾರಾ ತೆರೆದೆ, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು, ಪರದೆಯ ಗಾಜಿಗೆ ಒತ್ತಿ, ತಿಳುವಳಿಕೆ ಬಂದ ಮಗುವನ್ನೇ ಕೇಳಬೇಕು — ಅಲ್ಲಿಗೆ ಬೆರಳು ನಿಂತಿತು. ನನ್ನ ಮಗಳು ಅಪ್ಪನ ಹತ್ರ ಇರ್ತೀನಿ ಅಂದ್ಬಿಟ್ರೆ ಅಕ್ಕಾ? ಮಗುವನ್ನು ಕರೆತರಲು ಅವರು ಹೋದರು, ಆ ಕೊಂಡಿ ಕಿತ್ತೆ, ಹೊಸದು ಹಾಕಿದೆ, ಉಳಿದವನ್ನೂ ಒಂದೊಂದಾಗಿ ಒತ್ತಿ ನೋಡುತ್ತಿದ್ದೇನೆ, ಇದು ಸರಿ, ಇದು ತೆರೆಯುತ್ತಿಲ್ಲ, ಇದು ಹಳತು, ಮೂರೂವರೆ, ನಾಲ್ಕು, ಫೋನು — ವಕೀಲೆ, ಮೇಡಂ, ಹುಡುಗಿ ಅಮ್ಮನ ಜೊತೆ ಹೋಗ್ತೀನಿ ಅಂದ್ಲಂತೆ, ರಜಕ್ಕೆ ಅಪ್ಪನ ಹತ್ರ, ಹಾಗೇ ಆರ್ಡರ್ ಆಯ್ತು. ಸರಿಯಮ್ಮ, ಅಂದೆ, ಪರದೆ ಒರೆಸೋಣವೆಂದು ಬಟ್ಟೆ ತೆಗೆದೆ, ಗಾಜಿನ ಮೇಲೆ ಆ ತಾಯಿಯ ಬೆರಳಿನ ಗುರುತು, ಬೆವರಿನದು, ಗೆರೆ ಗೆರೆಯಾಗಿ, ಸರಿಯಾಗಿ ಆ ಸಾಲು ಇದ್ದ ಜಾಗದಲ್ಲಿ — ಬಟ್ಟೆ ಮಡಚಿಟ್ಟೆ, ಇರಲಿ, ಬೆರಳಿನ ಗುರುತು —