ಕೊನೆಯ ಅಕ್ಷರಕ್ಕೆ ಜಾಗ

ಬೋರ್ಡು ಬರೆಯುವವನ ಹೆಂಡತಿಗೆ ಆ ಬೆಳಿಗ್ಗೆ ಬಣ್ಣದ ಡಬ್ಬಗಳ ಹಿಂದೆ ಐದು ಮುದುರಿದ ಹಾಳೆ ಸಿಕ್ಕಿದವು. ಸುಮ್ಮನಿರುವ ಜೀವವಲ್ಲ ಅವಳದು, ಬಿಡಿಸಿ ಓದಿದಳು. ಐದೂ ಗಂಡ ತನ್ನ ಅಣ್ಣನಿಗೆ ಬರೆದ ಕಾಗದ. ಐದೂ 'ಆರು ವರ್ಷದ ಹಿಂದೆ ನೀನು' ಎಂದು ಶುರುವಾಗಿ, ಎರಡೂ ಮಗ್ಗುಲು ತುಂಬಿ, ಅಂಚಿನಲ್ಲಿ ಇರುವೆ ಸಾಲಿನಂತೆ ಹತ್ತಿ, ಮುಗಿಯದೆ ನಿಂತಿದ್ದವು.

ಅಣ್ಣ ತಮ್ಮ ಒಂದೇ ಏಣಿಯ ಮೇಲೆ ಬದುಕಿದವರು. ಆರು ವರ್ಷದ ಹಿಂದೆ ಅಣ್ಣ ತನ್ನ ಕುಂಚಗಳನ್ನು ಎತ್ತಿಕೊಂಡು ಊರಿನ ಇನ್ನೊಂದು ತುದಿಗೆ ಹೋದ. ಯಾಕೆ ಎಂದು ಕೇಳಿದಾಗಲೆಲ್ಲ ಗಂಡ "ಬಿಡೆ, ಹಳೇ ಕತೆ" ಎನ್ನುತ್ತಿದ್ದ. ಈಗ ಶಾಲೆಯ ಮೂರಂತಸ್ತಿನ ಗೋಡೆಯ ಮೇಲೆ ಹೆಸರು ಬರೆಯುವ ಕೆಲಸ ಬಂದಿತ್ತು. ಸೋಮವಾರ ಶುರು. ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ. ಫೋನು ಮಾಡಿದರೆ ಅಣ್ಣ ಎತ್ತುತ್ತಿರಲಿಲ್ಲ.

"ಏನ್ರೀ, ಇದು ಕಾಗದವೋ ಪುರಾಣವೋ?"

"ಪೆನ್ನು ಸರಿಯಿಲ್ಲ ಕಣೆ."

"ಕುಣಿಯೋಕೆ ಬಾರದವಳಿಗೆ ನೆಲ ಡೊಂಕು! ಅದಿರ್ಲಿ, ಬೋರ್ಡು ಬರೆಯೋವಾಗ ಎಲ್ಲಿಂದ ಶುರು ಮಾಡ್ತೀರಿ?"

"ಕೊನೇ ಅಕ್ಷರದಿಂದ. ಸೀಮೆಸುಣ್ಣದಲ್ಲಿ ಅದರ ಜಾಗ ಮೊದಲು ಗುರುತು ಹಾಕ್ತೀನಿ. ಇಲ್ಲಾಂದ್ರೆ ಮೊದಲಿನದೆಲ್ಲ ದಪ್ಪದಪ್ಪ ಬರೆದು, ಕೊನೇದನ್ನ ಹಿಂಡಿ ತುರುಕಬೇಕಾಗತ್ತೆ."

"ಹಾಗಾದ್ರೆ ಇದರ ಕೊನೇ ಅಕ್ಷರ ಎಲ್ಲಿ?"

ಅವನು ಐದೂ ಹಾಳೆಗಳನ್ನು ತಿರುಗಿಸಿ ನೋಡಿದ. ಆಮೇಲೆ ಹೊಸ ಹಾಳೆ ತೆಗೆದು, ತೀರಾ ಕೆಳಗೆ ಪೆನ್ಸಿಲಿನಲ್ಲಿ 'ಬಾ ಅಣ್ಣ' ಎಂದು ಬರೆದ. ಬೋರ್ಡು ನೋಡುವವನಂತೆ ಕೈ ದೂರ ಚಾಚಿ ನೋಡಿದ.

"ಸರಿ. ಯಾಕೆ ಬರಬೇಕು ಅವರು?"

"ಮೇಲೆ ಹತ್ತಿದವನಿಗೆ ಓರೆ ಕಾಣಲ್ಲ ಕಣೆ. ಕೆಳಗೆ ನಿಂತು ಹೇಳೋರು ಬೇಕು. ಅಣ್ಣನಂಥ ಕಣ್ಣು ಇನ್ಯಾರಿಗೂ ಇಲ್ಲ." ಆ ಮಾತನ್ನೂ 'ಬಾ ಅಣ್ಣ' ಎಂಬುದರ ಮೇಲಿನ ಸಾಲಿಗೆ ಬರೆದ.

"ಇಷ್ಟಕ್ಕೇ ಬರ್ತಾರಾ ಭಾವ?"

ಪೆನ್ಸಿಲು ನಿಂತಿತು. "ಬರಲ್ಲ."

"ಮತ್ತೆ ಅದರ ಮೇಲೆ ಏನಿರಬೇಕು?"

ಅವಳು ಹಾಳೆಯ ಮೇಲೆ ಬಾಗಿದಳು. ಆರು ವರ್ಷದಿಂದ ಕಾದಿದ್ದ ಮಾತು ಅದು.

"ಔಷಧಿ ಅಂಗಡಿ ಬೋರ್ಡು," ಎಂದ ಅವನು, ಹಾಳೆಯಿಂದ ತಲೆ ಎತ್ತದೆ. "ಜಾಗ ಸಾಲಲ್ಲ, ನಿಲ್ಲಿಸೋ ಅಂತ ಅಣ್ಣ ಕೆಳಗಿಂದ ಕೂಗ್ದ. ನಾನು ಕೇಳಲಿಲ್ಲ. ಕೊನೇ ಪದ ಹಿಂಡಿಹೋಯ್ತು. ಅಂಗಡಿಯವನು ಬೈದಾಗ, ಅಳತೆ ಅಣ್ಣಂದು ಅಂದ್ಬಿಟ್ಟೆ."

"ಭಾವ ಏನಂದ್ರು?"

"ಕುಂಚ ತೊಳೆದ, ಹೊರಟ."

"ಐದು ಹಾಳೇಲಿ ಎಲ್ಲೂ ಈ ಮಾತಿಲ್ಲವಲ್ರೀ!"

"ಜಾಗ ಸಾಲಲಿಲ್ಲ," ಎಂದ. ಅಂದ ಮೇಲೆ ತಾನೇ ಪೆಚ್ಚಾಗಿ ನಕ್ಕ.

ಆರನೆಯ ಕಾಗದ ನಾಲ್ಕೇ ಸಾಲಿನದಾಯಿತು. ತಪ್ಪು ಮೇಲೆ, ಕೆಲಸ ನಡುವೆ, ಕರೆ ಕೊನೆಗೆ. ಅವಳೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು.

ಉತ್ತರ ಬರಲಿಲ್ಲ. ಸೋಮವಾರ ಗಂಡ ಒಬ್ಬನೇ ಏಣಿ ಹತ್ತಿದ. ಅವಳು ಕೆಳಗೆ ನಿಂತು ಏಣಿ ಹಿಡಿದಿದ್ದಳು. ಅವನು ಕೊನೆಯ ಅಕ್ಷರದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಲೋ, ಬಲಕ್ಕೆ ಎರಡು ಬೆರಳು ವಾಲಿದೆ, ಅಳಿಸು!"

ಅವಳು ಕಣ್ಣು ಕಿರಿದು ಮಾಡಿ ಗೆರೆಯನ್ನೇ ನೋಡಿದಳು. ಅವಳಿಗಂತೂ ಅದು ಒಂದು ಕೂದಲೆಳೆಯಷ್ಟೂ ವಾಲಿದಂತೆ ಕಾಣಲಿಲ್ಲ. ಹೇಳೋಣವೆಂದು ಬಾಯಿ ತೆರೆದಳು.

ಅಷ್ಟು ಹೊತ್ತಿಗೆ ಗಂಡ ತಿರುಗಿಯೂ ನೋಡದೆ, "ಆಯ್ತಣ್ಣ" ಎಂದು, ಅಂಗಿಯ ತೋಳಿನಿಂದಲೇ ಗೆರೆಯನ್ನು ಒರೆಸುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡು ಏಣಿಯನ್ನು ಭಾವನ ಕೈಗೆ ಬಿಟ್ಟಳು.