ಜಾರಿದ ಸ್ವರ

ಸ್ಪೀಕರಿನಿಂದ ಬಂದ ಮೊದಲ ನಾಲ್ಕು ಸ್ವರ ಕೇಳಿದ್ದೇ ತಡ, ಪದ್ಮನಾಭಯ್ಯನವರ ಕೈಯಲ್ಲಿದ್ದ ಕಡಲೆ ಉಸಲಿಯ ದೊನ್ನೆ ನೆಲಕ್ಕೆ ಬಿತ್ತು. ಅದು ಅವರದೇ ಪಾಠ. ರಾಜಾಜಿನಗರದ ಮನೆಯ ಹಜಾರದಲ್ಲಿ, ಹಳೆಯ ಪಿಯಾನೋದ ಮುಂದೆ ಕೂರಿಸಿಕೊಂಡು ವತ್ಸಲಾಗೆ ಎರಡು ವರ್ಷ ತಿದ್ದಿ ತಿದ್ದಿ ಕಲಿಸಿದ ಜರ್ಮನ್ ಕೃತಿ. ಮುಂದಿನ ವಾರ ಲಂಡನ್ನಿನ ಪರೀಕ್ಷಕರ ಎದುರು ಅವಳು ಅದನ್ನು ನುಡಿಸಬೇಕಿತ್ತು. ಈಗ ನೋಡಿದರೆ ವಿಜಯನಗರದ ಗಣೇಶನ ಪೆಂಡಾಲಿನಲ್ಲಿ, ತನ್ನ ಸೋದರಮಾವ ಸಿಂಗಪುರದಿಂದ ತಂದ ಎಲೆಕ್ಟ್ರಾನಿಕ್ ಕೀಬೋರ್ಡಿನ ಮೇಲೆ ನುಡಿಸುತ್ತಿದ್ದಾಳೆ! ಪಕ್ಕದಲ್ಲಿ ಓಲಗದ ದೊಡ್ಡಹನುಮಯ್ಯ ಡೋಲು ಬಾರಿಸುತ್ತಿದ್ದಾರೆ.

"ನಿಮ್ ಸ್ಟೂಡೆಂಟಲ್ವಾ ಮೇಷ್ಟ್ರೇ? ಎಷ್ಟ್ ಚೆನ್ನಾಗ್ ನುಡಿಸ್ತಾಳೆ!" ಎಂದರು ಜೊತೆಗೆ ಬಂದಿದ್ದ ಪಕ್ಕದ ಮನೆಯ ಇಂದ್ರಮ್ಮ.

ಪದ್ಮನಾಭಯ್ಯನವರಿಗೆ ಡೋಲಿನ ಒಂದೊಂದು ಪೆಟ್ಟೂ ಎದೆಗೇ ಬಿದ್ದಂತಿತ್ತು. ಸ್ವರಲಿಪಿಯಲ್ಲಿ ಬರೆದದ್ದಕ್ಕೆ ಒಂದು ಚುಕ್ಕೆಯನ್ನೂ ಸೇರಿಸಬೇಡಿ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವರು ಅವರು. ಈ ಹುಡುಗಿ ತಾಳದ ನಡೆಯನ್ನೇ ಬದಲಿಸಿದ್ದಳು. ಅಷ್ಟು ಸಾಲದೆಂಬಂತೆ, ಎಡಗೈಯಿಂದ ಕೀಬೋರ್ಡಿನ ಅಂಚಿನಲ್ಲಿದ್ದ ಸಣ್ಣ ಚಕ್ರವೊಂದನ್ನು ತಿರುಗಿಸಿದಳು. ಪಿಯಾನೋದ ಕಪ್ಪು-ಬಿಳುಪು ಮನೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನೆಗೆಯುವ ಸ್ವರ ಇಲ್ಲಿ ಮೆಲ್ಲನೆ ಜಾರಿತು, ಹಾಡುವವರ ಗಂಟಲಿನಲ್ಲಿ ಜಾರುವ ಹಾಗೆ. ಪದ್ಮನಾಭಯ್ಯನವರ ಮೈ ಜುಮ್ಮೆಂದಿತು. ಅದು ಹಿತವೆನಿಸಿದ್ದೇ ಅವರನ್ನು ಹೆದರಿಸಿತು.

ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿದರು. ಅವರನ್ನು ಕಂಡು ವತ್ಸಲಾಳ ಬೆರಳುಗಳು ನಿಂತವು. ಡೋಲೂ ನಿಂತಿತು.

"ಸಾರ್... ಹೇಳ್ಬೇಕು ಅನ್ಕೊಂಡಿದ್ದೆ. ಧೈರ್ಯ ಬರ್ಲಿಲ್ಲ."

"ಎಕ್ಸಾಮಲ್ಲೂ ಹಿಂಗೇ ನುಡಿಸ್ತೀಯಾ?"

"ಇಲ್ಲ ಸಾರ್. ಅಲ್ಲಿ ನೀವ್ ಹೇಳ್ಕೊಟ್ಟ ಹಾಗೇ. ಆದ್ರೆ ನಂಗೆ ಕೇಳ್ಸೋದು ಹಿಂಗೇ ಸಾರ್. ಮೊದಲಿಂದ್ಲೂ."

ಎರಡು ವರ್ಷ ಪಕ್ಕದಲ್ಲೇ ಕೂತಿದ್ದ ಹುಡುಗಿ. ಅವಳಿಗೇನು ಕೇಳಿಸುತ್ತದೆ ಎಂದು ಅವರು ಒಂದು ದಿನವೂ ವಿಚಾರಿಸಿರಲಿಲ್ಲ. ಬೈಯಬೇಕೆಂದು ಬಂದವರು ಕೀಬೋರ್ಡಿನ ಕಡೆ ಬಗ್ಗಿದರು.

"ಆಗ ಜಾರಿಸಿದ್ಯಲ್ಲ... ಎಲ್ಲಿ, ಆ ಸ್ವರ ಹಿಡ್ಕೋ."

ವತ್ಸಲಾ ಕೀಬೋರ್ಡಿನ ಮನೆಯೊಂದನ್ನು ಒತ್ತಿ ಹಿಡಿದಳು. ಪದ್ಮನಾಭಯ್ಯ ತಾವೇ ಚಕ್ರದ ಮೇಲೆ ಬೆರಳಿಟ್ಟು ಸರಿಸಿದರು. ಸ್ವರ ನರಳಿಕೊಂಡು ಮೇಲೆದ್ದಿತು. ಕಾದ ಕಾವಲಿ ಮುಟ್ಟಿದವರಂತೆ ಸರಕ್ಕನೆ ಕೈ ತೆಗೆದರು.

"ನಿಧಾನಕ್ಕೆ ಸ್ವಾಮಿ," ಎಂದರು ದೊಡ್ಡಹನುಮಯ್ಯ. ಕೋಲನ್ನು ಡೋಲಿನಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದು, ಮೇಷ್ಟರ ಕೈ ಮತ್ತೆ ಚಕ್ರದ ಮೇಲೆ ಬರಲೆಂದು ಕಾದರು.